ಕೆಳಗೆ ಕೂತವರಿಗೆ ಪರದೆ ಯಾಕೆ ಕಪ್ಪು?

ಭಾಗ 1 / ಫೋಟೋದಲ್ಲಿ: ಕಬ್ಬಿಣದ ಪೆಟ್ಟಿಗೆ ಮೇಲೆ ನಮ್ಮ ಮನೆಯ ಮಾನಿಟರ್

ಹೋದ ಸಲ ಮಸ್ಕಿಯ ಅಶೋಕನ ಶಾಸನದ ಬಗ್ಗೆ ಬರೆದಾಗ ನಿಮ್ಮಲ್ಲಿ ಸುಮಾರು ಜನ "ಮುಂದೆ ಯಾವ ಗುಡಿ, ಯಾವ ಕೋಟೆ?" ಅಂತ ಕೇಳಿದ್ರಿ. ಈ ಸಲ ಗುಡಿನೂ ಇಲ್ಲ, ಕೋಟೆನೂ ಇಲ್ಲ. ಫೋಟೋದಲ್ಲಿರೋ ಈ ಮಾನಿಟರ್‌ದೇ ಇತಿಹಾಸ. ನಗಬೇಡ್ರಿ, ಓದಿ ಆಮೇಲೆ ನಗ್ರಿ.

ಇದು 17 ಇಂಚಿನ ಚಪ್ಪಟೆ ಎಲ್‌ಸಿಡಿ. ಸಿಂಧನೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು, 1,800 ರೂಪಾಯಿ. ತಂದಿದ್ದು ಟ್ಯಾಲಿ ಕಲಿಯೋಕೆ. ಆದ್ರೆ ಮುಕ್ಕುಂದದ ನಮ್ಮ ಓಣಿಗೆ ಇದೊಂದೇ ಕಂಪ್ಯೂಟರ್, ಹಾಗಾಗಿ ಟ್ಯಾಲಿಗಿಂತ ಜಾಸ್ತಿ ಇದರಲ್ಲಿ ಆಗೋದು ಅರ್ಜಿ ತುಂಬೋ ಕೆಲಸ. ಸ್ಕಾಲರ್‌ಶಿಪ್, ಹಾಸ್ಟೆಲ್, ಪರೀಕ್ಷೆ ಫಾರ್ಮ್. ಒಂದು ಚಹಾ ಕುಡಿಸಿದ್ರೆ ಸಾಕು, ಫೀಸಿಲ್ಲ.

ಹೋದ ವರ್ಷ ಓಣಿಯ ಒಬ್ಬ ಹುಡುಗಿಯ ಸ್ಕಾಲರ್‌ಶಿಪ್ ಅರ್ಜಿ ತುಂಬಿದೆ. ಪಾಸ್‌ಬುಕ್‌ನ ಫೋಟೋ ನೋಡಿ ಖಾತೆ ನಂಬರ್ ಹೊಡೆದೆ. ಎರಡು ಸಲ ಹೊಡೀಬೇಕಿತ್ತು, ಎರಡೂ ಸಲ 8 ಇದ್ದದ್ದನ್ನ 3 ಅಂತ ಹೊಡೆದೆ. ಪರದೆ ಮೇಲೆ ಅಂಕಿ ಮಂಜು ಮಂಜಾಗಿತ್ತು, 3 ಅನ್ನೋದು ನನ್ನ ಕಣ್ಣಿನ ಅಂದಾಜು. ಸಬ್ಮಿಟ್ ಒತ್ತೋ ಮೊದಲು ಆ ಹುಡುಗಿಯ ತಾಯಿಗೆ ಪರದೆ ತೋರಿಸಿ, "ನಂಬರ್ ಸರಿ ಐತೇನು ನೋಡ್ರಿ" ಅಂತ ಕೇಳಿದೆ. ಅವರು ಕೆಳಗೆ ಚಾಪೆ ಮೇಲೆ ಕುಂತಿದ್ರು. ಏಳನೇ ತರಗತಿ ಓದಿದವರು, ಅಂಕಿ ನನಗಿಂತ ಚುರುಕು. ತಲೆ ಆಡಿಸಿದ್ರು. ನಾನು ಒತ್ತಿದೆ.

ದುಡ್ಡು ವಾಪಸ್ ಹೋಯ್ತು. ಸರಿಪಡಿಸಿ ಬರೋದ್ರೊಳಗೆ ನಾಲ್ಕು ತಿಂಗಳು. ಫೀ ಕಟ್ಟೋಕೆ ಅವರ ಮನೆಯಲ್ಲಿ ಕೈಗಡ ತಗೊಂಡ್ರು.

ಆಮೇಲೆ ಒಂದಿನ ಅದೇ ಚಾಪೆ ಮೇಲೆ ಕುಂತು ಚಾರ್ಜರ್ ಹುಡುಕ್ತಾ ತಲೆ ಎತ್ತಿ ನೋಡಿದೆ. ಫಾರ್ಮ್‌ನ ತಿಳಿ ಬೂದು ಬಣ್ಣದ ಚೌಕಗಳೆಲ್ಲ ಕಪ್ಪಾಗಿದ್ವು. ಒಳಗಿನ ಅಂಕಿ ಮಾಯ. ಆ ತಾಯಿಗೆ ಅವತ್ತು ಏನೂ ಕಂಡಿರಲಿಲ್ಲ. ಕಾಣ್ತಿಲ್ಲ ಅಂತ ಹೇಳೋಕೆ ಸಂಕೋಚ ಪಟ್ಟು ತಲೆ ಆಡಿಸಿದ್ರು.

ಅಲ್ಲಿಂದ ಶುರುವಾಯ್ತು ಈ ಹುಡುಕಾಟ.

ಭಾಗ 2 / ಫೋಟೋದಲ್ಲಿ: ಅಪ್ಪನ ಹಳೇ ಪಹಣಿ, ಮಡಿಕೆಯಲ್ಲಿ ಹರಿದದ್ದು

ಕಿಟಕಿಯ ಆ ಕಡೆ ಇರೋನಿಗೂ ಪರದೆ ಕಾಣಬೇಕು ಅನ್ನೋ ವಿಚಾರ ನಂದೇನಲ್ಲ. ನಮ್ಮ ರಾಜ್ಯದಲ್ಲೇ 20 ವರ್ಷಕ್ಕಿಂತ ಹಿಂದೆ ಅದನ್ನ ಮಾಡಿದ್ರು.

"ಭೂಮಿ" ಯೋಜನೆ ಗೊತ್ತಲ್ಲ? ಕೈಬರಹದ ಪಹಣಿಗಳನ್ನ ಕಂಪ್ಯೂಟರಿಗೆ ಏರಿಸಿದ ಕೆಲಸ. ಸುಮಾರು 2 ಕೋಟಿ ದಾಖಲೆ, ಸುಮಾರು 67 ಲಕ್ಷ ರೈತರದ್ದು. 2000ದ ಆಚೆ ಈಚೆ ಶುರುವಾಗಿ ಒಂದೆರಡು ವರ್ಷದಲ್ಲಿ ಎಲ್ಲ ತಾಲ್ಲೂಕಿಗೂ ಬಂತು. ಆಗ ಕಿಟಕಿ ಹತ್ತಿರ ಹೋಗಿ 15 ರೂಪಾಯಿ ಕೊಟ್ರೆ ಪಹಣಿ ಪ್ರಿಂಟ್ ಸಿಗ್ತಿತ್ತು. ಅದಕ್ಕಿಂತ ಮೊದಲು ಗ್ರಾಮ ಲೆಕ್ಕಿಗರ ಪುಸ್ತಕ ತೆರೀಬೇಕು, ಅವರು ಸಿಗಬೇಕು, ಮನಸ್ಸು ಮಾಡಬೇಕು.

ಇದೆಲ್ಲ ನಿಮ್ಮ ಅಪ್ಪ ಅಮ್ಮನೂ ಹೇಳ್ತಾರೆ. ನನಗೆ ಹಿಡಿಸಿದ್ದು ಬೇರೆ ಒಂದು ಸಣ್ಣ ಸಂಗತಿ. ಭೂಮಿ ಕೇಂದ್ರದಲ್ಲಿ ಎರಡು ಮಾನಿಟರ್ ಇಡೋ ಏರ್ಪಾಡಿತ್ತು. ಒಂದು ಆಪರೇಟರ್ ಕಡೆ. ಇನ್ನೊಂದು ಕಿಟಕಿಯ ಈಚೆ ನಿಂತ ರೈತನ ಕಡೆ. ತನ್ನ ಹೊಲದ ಬಗ್ಗೆ ಏನು ಹೊಡೀತಿದಾರೆ ಅಂತ ಅವನೂ ನೋಡ್ಲಿ ಅಂತ. ಆ ಎರಡನೇ ಪರದೆಗೆ ಖರ್ಚು ಹಾಕೋಣ ಅಂತ ಮೀಟಿಂಗಿನಲ್ಲಿ ಯಾರು ಹೇಳಿದ್ರೋ, ಅವರಿಗೆ ನನ್ನ ನಮಸ್ಕಾರ. ಬಿ.ಕಾಂ. ಭಾಷೆಯಲ್ಲಿ ಅದು ಆಡಿಟ್. ಅದೂ ಖಾತೆದಾರನೇ ಮಾಡೋ ಆಡಿಟ್.

ನಾನೂ ಅವತ್ತು ಹಾಗೇ ಮಾಡಿದೆ ಅಂದ್ಕೊಂಡಿದ್ದೆ. ಪರದೆಯನ್ನ ಅವರ ಕಡೆ ತಿರುಗಿಸಿದ್ದೆ. ಆದ್ರೆ ನನ್ನ ಪರದೆ ಚಪ್ಪಟೆ ಎಲ್‌ಸಿಡಿ. ಹಳೇ ಡಬ್ಬಾ ಮಾನಿಟರ್ ಆಗಿದ್ರೆ ಚಾಪೆಯಿಂದಲೂ ಕಾಣ್ತಿತ್ತು. ಮುಂದಿನ ಭಾಗದಲ್ಲಿ ಯಾಕೆ ಅಂತ.

ಭಾಗ 3 / ಫೋಟೋದಲ್ಲಿ: ಗುಜರಿಯಲ್ಲಿ ಸಿಕ್ಕ ಡಬ್ಬಾ ಮಾನಿಟರ್

ಸಿಆರ್‌ಟಿ, ಅಂದ್ರೆ ಹಿಂದೆ ಹೊಟ್ಟೆ ಇರೋ ಮಾನಿಟರ್. ಒಳಗೆ ಎಲೆಕ್ಟ್ರಾನ್ ಕಿರಣ ಬಂದು ಗಾಜಿನ ಒಳಮೈಯ ಫಾಸ್ಫರ್‌ಗೆ ಬಡೀತದೆ, ಆ ಚುಕ್ಕೆ ಬೆಳಗ್ತದೆ. ಬೆಳಕು ಹುಟ್ಟೋದೇ ಗಾಜಿನ ಮೈಯಲ್ಲಿ, ದೀಪದ ಥರ ಎಲ್ಲಾ ಕಡೆ ಚೆಲ್ತದೆ. ಆದ್ದರಿಂದ ಕುರ್ಚಿ ಮೇಲಿದ್ರೂ ಅಷ್ಟೇ, ಚಾಪೆ ಮೇಲಿದ್ರೂ ಅಷ್ಟೇ. ಕೆಟ್ಟದ್ದೇನು ಅಂದ್ರೆ ಮಿಣುಕು, ಕರೆಂಟ್ ಬಿಲ್ಲು, ಆಮೇಲೆ ಎತ್ತೋಕೆ ಇಬ್ಬರು ಬೇಕು.

ಇನ್ನೊಂದು ಗುಣ ಇತ್ತು: ಅದಕ್ಕೆ ಇಂಥದ್ದೇ ಅಳತೆ ಅಂತ ಹಟ ಇರಲಿಲ್ಲ. 640×480 ಕೊಟ್ರೂ, 1024×768 ಕೊಟ್ರೂ ಹೊಂದ್ಕೊಂಡು ತೋರಿಸ್ತಿತ್ತು.

ಚಪ್ಪಟೆ ಪರದೆ ಹಾಗಲ್ಲ. ಅದರಲ್ಲಿ ಚೌಕ ಚೌಕ ಮೊದಲೇ ಕೊರೆದು ಬಿಟ್ಟಿರ್ತಾರೆ, ಲೆಡ್ಜರ್ ಪುಸ್ತಕದ ಮನೆಗಳ ಥರ. ನನ್ನದರಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 1024. ಒಟ್ಟು 13,10,720 ಮನೆ. ಒಂದೊಂದು ಮನೆಯಲ್ಲೂ ಕೆಂಪು, ಹಸಿರು, ನೀಲಿ ಮೂರು ಪಟ್ಟಿ. ಇದನ್ನ ಕೂಡಿಸೋಕೂ ಆಗಲ್ಲ, ಕಳೆಯೋಕೂ ಆಗಲ್ಲ.

ನಾನು ಮಾಡಿದ್ದೇನು? "ಅಕ್ಷರ ದೊಡ್ಡದಾಗ್ಲಿ" ಅಂತ ರೆಸಲ್ಯೂಷನ್ 1024×768ಕ್ಕೆ ಇಳಿಸಿ ಕೂತಿದ್ದೆ. ಲೆಕ್ಕ ಹಾಕಿ ನೋಡ್ರಿ. 1280ನ್ನ 1024ರಿಂದ ಭಾಗಿಸಿದ್ರೆ 1.25. 1024ನ್ನ 768ರಿಂದ ಭಾಗಿಸಿದ್ರೆ 1.33. ಅಂದ್ರೆ ಕಂಪ್ಯೂಟರ್ ಕಳಿಸಿದ ಒಂದು ಚುಕ್ಕೆ ಪರದೆಯ ಒಂದೂಕಾಲು ಮನೆಯಲ್ಲಿ ಅಡ್ಡಡ್ಡ, ಒಂದೂ ಮುಕ್ಕಾಲುವಾಸಿ ಅಲ್ಲ, ಒಂದೂ ಮೂರನೇ ಒಂದು ಮನೆಯಲ್ಲಿ ಉದ್ದುದ್ದ ಕೂಡಬೇಕು. ಕಾಲು ಮನೆ ಅನ್ನೋದು ಇಲ್ಲವಲ್ಲ. ಆಗ ಮಾನಿಟರ್ ಅಕ್ಕಪಕ್ಕದ ಮನೆಗೆ ಸ್ವಲ್ಪ ಸ್ವಲ್ಪ ಬಣ್ಣ ಬಳಿದು ಸಮಾಧಾನ ಮಾಡ್ಕೊಳ್ತದೆ. ಅದೇ ಮಂಜು. 8ರ ಎಡಗಡೆಯ ತೆಳು ಗೆರೆ ಆ ಮಂಜಿನಲ್ಲಿ ಕರಗಿ 3 ಆಯ್ತು.

ಸೆಟ್ಟಿಂಗ್ಸ್‌ಗೆ ಹೋಗಿ 1280×1024 ಅಂತ ಕೊಟ್ಟೆ. ಅಕ್ಷರ ಸಣ್ಣದಾಯ್ತು, ಆದ್ರೆ ಬ್ಲೇಡ್ ಥರ ಚೂಪು. ಸಣ್ಣದಾಗಿದ್ದಕ್ಕೆ ರೆಸಲ್ಯೂಷನ್ ಮುಟ್ಟಬಾರದು, ಸ್ಕೇಲ್ ಅಂತ ಬೇರೆ ಸೆಟ್ಟಿಂಗ್ ಇದೆ, ಅದನ್ನ 125ಕ್ಕೆ ಏರಿಸಬೇಕು. ಇಷ್ಟು ಗೊತ್ತಿಲ್ಲದೆ ಒಂದು ವರ್ಷ ಕಣ್ಣು ಕಿರಿದು ಮಾಡ್ಕೊಂಡು ಕೂತಿದ್ದೆ ನಾನು.

ಭಾಗ 4 / ಫೋಟೋದಲ್ಲಿ: ಗಜ್ಜರಿ. ಹೌದು, ಗಜ್ಜರಿನೇ

ಎಲ್‌ಸಿಡಿಯಲ್ಲಿ ಎಲ್‌ಸಿ ಅಂದ್ರೆ ಲಿಕ್ವಿಡ್ ಕ್ರಿಸ್ಟಲ್, ದ್ರವ ಸ್ಫಟಿಕ. ಇದರ ಕಥೆ ಶುರುವಾಗೋದು ಗಜ್ಜರಿಯಿಂದ. 1888ರಲ್ಲಿ ಪ್ರಾಗ್‌ನಲ್ಲಿ ಫ್ರೀಡ್ರಿಶ್ ರೈನಿಟ್ಸರ್ ಅನ್ನೋ ಸಸ್ಯಶಾಸ್ತ್ರಜ್ಞ ಗಜ್ಜರಿಯಿಂದ ತೆಗೆದ ಕೊಲೆಸ್ಟರಾಲ್‌ನ ಒಂದು ಸಂಯುಕ್ತ ಕಾಯಿಸ್ತಿದ್ದ. 145.5 ಡಿಗ್ರಿಗೆ ಕರಗಿ ಮಬ್ಬು ದ್ರವ ಆಯ್ತು. ಇನ್ನೂ ಕಾಯಿಸಿದ, 178.5ಕ್ಕೆ ಪೂರ್ತಿ ತಿಳಿಯಾಯ್ತು. ಒಂದೇ ವಸ್ತುವಿಗೆ ಎರಡು ಕರಗೋ ಬಿಂದು! ಜರ್ಮನಿಯ ಓಟ್ಟೊ ಲೇಮಾನ್ ಅದನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಹರಿಯೋ ಸ್ಫಟಿಕ ಅಂದ. ಆಮೇಲೆ 70–80 ವರ್ಷ ಇದು ಪ್ರಯೋಗಾಲಯದ ಕುತೂಹಲ ಅಷ್ಟೇ. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯ ಜಾರ್ಜ್ ಹೈಲ್‌ಮೈಯರ್ ತಂಡ ಇದರಿಂದ ಪರದೆ ಮಾಡಬಹುದು ಅಂತ ತೋರಿಸ್ತು. 1970ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಮಾರ್ಟಿನ್ ಶಾಟ್, ವೋಲ್ಫ್‌ಗಾಂಗ್ ಹೆಲ್‌ಫ್ರಿಶ್ ಸೇರಿ "ಟ್ವಿಸ್ಟೆಡ್ ನೆಮ್ಯಾಟಿಕ್" ಅನ್ನೋ ವಿಧಾನ ಕಂಡುಹಿಡಿದ್ರು. ಚುಟುಕಾಗಿ ಟಿಎನ್. ಅಗ್ಗದ ಮಾನಿಟರ್ ಬಹಳಷ್ಟು ಇದೇ. ನನ್ನದೂ ಇದೇ.

ಕೆಲಸ ಹೇಗೆ ಅಂದ್ರೆ, ಹಿಂದೆ ಒಂದು ಬಿಳಿ ದೀಪ ಯಾವಾಗಲೂ ಉರೀತಿರ್ತದೆ. ಮುಂದೆ ಎರಡು ಪೋಲರೈಸರ್ ಹಾಳೆ, ಒಂದಕ್ಕೊಂದು ಅಡ್ಡ. ನಡುವೆ ದ್ರವ ಸ್ಫಟಿಕ. ಅದರ ಅಣುಗಳು ಕಡ್ಡಿ ಆಕಾರದವು. ಒಂದು ಗಾಜಿನಿಂದ ಇನ್ನೊಂದಕ್ಕೆ ಹೋಗೋದ್ರೊಳಗೆ ಕಡ್ಡಿಗಳು 90 ಡಿಗ್ರಿ ತಿರುಗಿ ಮಲಗಿರ್ತವೆ, ಬೆಳಕೂ ಅವುಗಳ ಜೊತೆ ತಿರುಗಿ ಆಚೆ ಬರ್ತದೆ: ಬಿಳಿ. ವೋಲ್ಟೇಜ್ ಕೊಟ್ರೆ ಕಡ್ಡಿಗಳು ಎದ್ದು ನಿಲ್ತವೆ, ಬೆಳಕು ತಿರುಗಲ್ಲ, ಎರಡನೇ ಹಾಳೆಯಲ್ಲಿ ಸಿಕ್ಕಿಬೀಳ್ತದೆ: ಕಪ್ಪು.

ಬೂದು ಬಣ್ಣ ಬೇಕಾದ್ರೆ? ಅರ್ಧ ಎದ್ದು ಅರ್ಧ ಬಾಗಿ ನಿಲ್ತವೆ. ತಕರಾರು ಇಲ್ಲೇ. ಗಾಳಿಗೆ ಒಂದೇ ಕಡೆ ಬಾಗಿದ ಭತ್ತದ ಗದ್ದೆ ನೆನಪು ಮಾಡ್ಕೊಳ್ರಿ, ಅದನ್ನ ನಿಮಗೆ ನಾನು ಹೇಳ್ಕೊಡಬೇಕಾಗಿಲ್ಲ. ಒಂದು ಬದುವಿನಿಂದ ನೋಡಿದ್ರೆ ಕಡ್ಡಿಯ ಇಡೀ ಉದ್ದ ಕಾಣ್ತದೆ. ಎದುರು ಬದುವಿಗೆ ಹೋದ್ರೆ ಬರೀ ತುದಿ ಕಾಣ್ತದೆ. ಪರದೆಯಲ್ಲೂ ಅಷ್ಟೇ. ಎದುರಿಗೆ ಕೂತವನಿಗೆ ಬೂದು. ಕೆಳಗಿನಿಂದ ನೋಡಿದವರ ಕಣ್ಣು ನೇರ ಕಡ್ಡಿಯ ತುದಿಗೇ ಬೀಳ್ತದೆ. ಅವರ ಪಾಲಿಗೆ ಕಡ್ಡಿ ಪೂರ್ತಿ ಎದ್ದು ನಿಂತಂಗೆ, ಅಂದ್ರೆ ಕಪ್ಪು.

ಮೇಜು ಕುರ್ಚಿ ಇರೋ ಆಫೀಸಿಗೆ ಇದು ತೊಂದರೆಯೇ ಅಲ್ಲ. ಮಾನಿಟರ್ ಕೆಳಗೆ ನೆಲದಲ್ಲಿ ಯಾರೂ ಕೂರಲ್ಲ ಅಲ್ಲಿ.

ಭಾಗ 5 / ಫೋಟೋದಲ್ಲಿ: ಅಡಕಿ ಇಟ್ಟ ಜೋಳದ ರೊಟ್ಟಿ

ಈ ಭಾಗಕ್ಕೋಸ್ಕರವೇ ನಾನು ಇಷ್ಟೆಲ್ಲ ಬರೆದದ್ದು. ಈ ಓರೆನೋಟದ ರೋಗಕ್ಕೆ ಸಿಕ್ಕ ಒಂದು ಔಷಧದ ಬೇರು ಬೆಂಗಳೂರಲ್ಲಿದೆ.

ಶಿವರಾಮಕೃಷ್ಣ ಚಂದ್ರಶೇಖರ್. ಹುಟ್ಟಿದ್ದು 1930, ಕಲ್ಕತ್ತಾದಲ್ಲಿ. ಸಿ.ವಿ. ರಾಮನ್ ಅವರ ಸೋದರಳಿಯ. (ನೊಬೆಲ್ ಬಂದ ನಕ್ಷತ್ರಗಳ ಚಂದ್ರಶೇಖರ್ ಬೇರೆ. ಅವರೂ ಇದೇ ಮನೆತನ. ಗೂಗಲ್ ಮಾಡಿದ್ರೆ ಇಬ್ಬರೂ ಕಲಸಿಕೊಂಡು ಬರ್ತಾರೆ, ಹುಷಾರ್.) ಇವರ ತಮ್ಮ ಪಂಚರತ್ನಂ ಕೂಡ ದೊಡ್ಡ ವಿಜ್ಞಾನಿ. ಪೋಲರೈಸ್ ಆದ ಬೆಳಕಿನ ಬಗ್ಗೆ 1956ರಲ್ಲಿ ಅವರು ಮಾಡಿದ ಕೆಲಸ ಇವತ್ತಿಗೂ ಅವರ ಹೆಸರಲ್ಲೇ ಇದೆ. ತೀರಿಹೋದಾಗ ಅವರಿಗೆ ಬರೀ 35.

ಚಂದ್ರಶೇಖರ್ 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ನಡೆಸಿದ್ರು. ದ್ರವ ಸ್ಫಟಿಕದ ಗೀಳು ಹತ್ತಿದ್ದು ಅಲ್ಲಿದ್ದಾಗಲೇ. ರಾಮನ್ 1970ರ ನವೆಂಬರಿನಲ್ಲಿ ತೀರಿಕೊಂಡ್ರು. 1971ರಲ್ಲಿ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕ ಪ್ರಯೋಗಾಲಯ ಕಟ್ಟಿದ್ರು. ಎರಡೇ ವರ್ಷದಲ್ಲಿ, 1973ರ ಡಿಸೆಂಬರಿನಲ್ಲಿ, ಅದೇ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಲ್ಲಿ ಆಯ್ತು.

ಆಗ ಜಗತ್ತಿಗೆ ಗೊತ್ತಿದ್ದ ದ್ರವ ಸ್ಫಟಿಕದ ಅಣುಗಳು ಕಡ್ಡಿಯಂಥವು. ರೈನಿಟ್ಸರ್‌ನ ಗಜ್ಜರಿಯಿಂದ ಹಿಡಿದು ಹತ್ತಿರ ಹತ್ತಿರ 90 ವರ್ಷ ಹಾಗೇ. ಬೆಂಗಳೂರಿನವರು ಕೇಳಿದ ಪ್ರಶ್ನೆ: ಅಣು ತಟ್ಟೆಯಂತೆ ಚಪ್ಪಟೆಯಾಗಿದ್ರೆ?

ಒಂದು ಬೆಂಜೀನ್ ಉಂಗುರ ತಗೊಂಡು ಅದರ ಆರೂ ಮೂಲೆಗೆ ಉದ್ದನೆ ಬಾಲ ಕಟ್ಟಿದ್ರು. ನಡುವೆ ಗಟ್ಟಿ ಬಿಲ್ಲೆ, ಸುತ್ತ ಆರು ಜಾಲಾಡೋ ತೋಳು. ಕಾಯಿಸಿದಾಗ ಈ ಬಿಲ್ಲೆಗಳು ಒಂದರ ಮೇಲೊಂದು ಕೂತು ಕಂಬ ಆದ್ವು, ನಮ್ಮನೆ ಬುಟ್ಟಿಯಲ್ಲಿ ರೊಟ್ಟಿ ಅಡಕಿ ಇಟ್ಟಂಗ. ಕಂಬಗಳು ಸಾಲಾಗಿ ನಿಂತ್ವು, ಆದ್ರೂ ವಸ್ತು ದ್ರವ. 1977ರಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರ ಹೆಸರಲ್ಲಿ ಪ್ರಬಂಧ ಬಂತು. ಪ್ರಕಟವಾದದ್ದು "ಪ್ರಮಾಣ" ಅನ್ನೋ ಪತ್ರಿಕೆಯಲ್ಲಿ, ಅದೂ ಬೆಂಗಳೂರಿನದೇ, ಭಾರತೀಯ ವಿಜ್ಞಾನ ಅಕಾಡೆಮಿಯದ್ದು. ಇಡೀ ಒಂದು ಹೊಸ ಜಾತಿಯ ದ್ರವ ಸ್ಫಟಿಕ. ಅದಕ್ಕೆ ಈಗ ಡಿಸ್ಕಾಟಿಕ್ ಅಂತ ಹೆಸರು.

ದೊಡ್ಡ ಶೋಧ ಅಂದ್ರೆ ಹೊರದೇಶದ ಪತ್ರಿಕೆಯಲ್ಲಿ ಬಂದ್ರೆ ಮಾತ್ರ ಬೆಲೆ ಅಂತ ಎಲ್ಲರೂ ಹೇಳ್ತಾರಲ್ಲ. ಇದನ್ನ ಹುಡುಕ್ಕೊಂಡು ಜಗತ್ತೇ ಬೆಂಗಳೂರಿನ ಪತ್ರಿಕೆಗೆ ಬರಬೇಕಾಯ್ತು. ನನಗಂತೂ ಇದು ಮಸ್ತ್ ಅನ್ನಿಸ್ತು.

ಭಾಗ 6 / ಫೋಟೋದಲ್ಲಿ: ಬಿಚ್ಚಿದ ಹಾಳು ಪರದೆ, ಒಳಗಿನ ಪ್ಲಾಸ್ಟಿಕ್ ಹಾಳೆಗಳು

ರೊಟ್ಟಿ ಅಣು ಪರದೆಗೆ ಹೇಗೆ ಬಂತು?

ಓರೆಯಾಗಿ ಹಾಯೋ ಬೆಳಕನ್ನ ಕಡ್ಡಿ ಅಣು ಒಂದು ಥರ ಕೆಡಿಸ್ತದೆ. ಬಿಲ್ಲೆ ಅಣು ಅದಕ್ಕೆ ಸರೀ ಉಲ್ಟಾ ಕೆಡಿಸ್ತದೆ. ಡೆಬಿಟ್‌ಗೆ ಕ್ರೆಡಿಟ್. ಎರಡನ್ನೂ ಒಟ್ಟಿಗೆ ಇಟ್ರೆ ಬಾಕಿ ಕಮ್ಮಿ. ಜಪಾನಿನ ಫ್ಯೂಜಿ, ಕ್ಯಾಮೆರಾ ರೀಲ್ ಮಾಡ್ತಿದ್ದ ಅದೇ ಫ್ಯೂಜಿ, 1990ರ ದಶಕದ ಮಧ್ಯದಲ್ಲಿ ಬಿಲ್ಲೆ ಅಣುಗಳನ್ನ ತೆಳು ಫಿಲ್ಮ್ ಮೇಲೆ ಬಳಿದು, ಓರೆಯಾಗಿ ಕೂರಿಸಿ, ಹಾಗೇ ಗಟ್ಟಿ ಮಾಡ್ತು. ಅದರ ಹೆಸರು ವೈಡ್ ವ್ಯೂ ಫಿಲ್ಮ್. ಟಿಎನ್ ಪರದೆಯ ಎರಡೂ ಕಡೆ ಅದನ್ನ ಅಂಟಿಸಿದ್ರೆ, ಪಕ್ಕದಿಂದ ನೋಡಿದವರಿಗೂ ಚಿತ್ರ ಕಾಣ್ತದೆ. ಫ್ಯೂಜಿ ಬಳಸಿದ ಅಣು ಬೆಂಗಳೂರಿನ ಅದೇ ಅಣು ಅಲ್ಲ, ಅದು ಟ್ರೈಫೀನಿಲೀನ್ ಅನ್ನೋ ಬೇರೆ ಬಿಲ್ಲೆ. ಆದ್ರೆ ಜಾತಿ ಒಂದೇ. ಬಿಲ್ಲೆಯೂ ದ್ರವ ಸ್ಫಟಿಕ ಆಗಬಹುದು ಅಂತ 1977ರಲ್ಲಿ ತೋರಿಸದೇ ಇದ್ದಿದ್ರೆ ಆ ಫಿಲ್ಮ್ ಯಾರ ತಲೆಗೆ ಹೊಳೀತಿತ್ತು?

ಚಂದ್ರಶೇಖರ್ ಆಮೇಲೆ 1991ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ, ಬಿಇಎಲ್ ಕೊಟ್ಟ ಕಟ್ಟಡದಲ್ಲಿ, ದ್ರವ ಸ್ಫಟಿಕಕ್ಕೇ ಒಂದು ಕೇಂದ್ರ ಶುರು ಮಾಡಿದ್ರು. ಈಗ ಅದು ಸೆಂಟರ್ ಫಾರ್ ನ್ಯಾನೊ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್. 1998ರಲ್ಲಿ ಪದ್ಮಭೂಷಣ ಬಂತು. 2004ರಲ್ಲಿ ತೀರಿಕೊಂಡ್ರು. ಆಫೀಸುಗಳಲ್ಲಿ ಡಬ್ಬಾ ಹೋಗಿ ಚಪ್ಪಟೆ ಪರದೆ ಬರ್ತಿದ್ದ ಕಾಲ ಅದು.

ಸತ್ಯ ಹೇಳ್ಬೇಕಂದ್ರೆ ಆ ಫಿಲ್ಮ್ ಎಡ ಬಲಕ್ಕೆ ಚೆನ್ನಾಗಿ ಕೆಲಸ ಮಾಡ್ತದೆ, ಕೆಳಗಿನಿಂದ ನೋಡೋರಿಗೆ ಅಷ್ಟಕ್ಕಷ್ಟೇ. 1996ರಲ್ಲಿ ಹಿಟಾಚಿ ತಂದ ಐಪಿಎಸ್ ಅನ್ನೋ ವಿಧಾನದಲ್ಲಿ ಕಡ್ಡಿ ಏಳೋದೇ ಇಲ್ಲ, ಮಲಗಿದಲ್ಲೇ ತಿರುಗ್ತದೆ. ಅದರಲ್ಲಿ ಚಾಪೆಯಿಂದಲೂ ಕಾಣ್ತದೆ. ನಿಮ್ಮ ಕೈಯಲ್ಲಿರೋ ಫೋನನ್ನ ಕೆಳಗಿನಿಂದ ನೋಡ್ರಿ, ಕಪ್ಪಾಗಲ್ಲ ಅಲ್ಲಾ? ಹೊಸ ಮಾನಿಟರ್ ತಗೊಳ್ಳೋರು ಐಪಿಎಸ್ ಅಂತ ಕೇಳಿ ತಗೊಳ್ರಿ. ನನ್ನ ಬಜೆಟ್ ಗೊತ್ತಲ್ಲ, 1,800.

ಭಾಗ 7 / ಫೋಟೋದಲ್ಲಿ: "ಕ್ಷ್ಮಿ", ಹತ್ತಿರದಿಂದ

ಇಂಗ್ಲಿಷ್ ಚೂಪಾಗಿ ಕಂಡು ಕನ್ನಡ ಮಾತ್ರ ಮುದ್ದೆ ಆಗೋದು ಯಾಕೆ?

ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಾಗ ಅದರ ಜೊತೆ ಒಂದು ಕನ್ನಡ ಫಾಂಟ್ ಬಂತು: ತುಂಗಾ. ನಮ್ಮ ತುಂಗಭದ್ರೆಯ ಅರ್ಧ ಹೆಸರು! ಅದೇ ಎಕ್ಸ್‌ಪಿಯಲ್ಲಿ ಕ್ಲಿಯರ್‌ಟೈಪ್ ಅನ್ನೋ ಸೌಲಭ್ಯವೂ ಇತ್ತು, ಆದ್ರೆ ನಾವೇ ಆನ್ ಮಾಡ್ಕೋಬೇಕಿತ್ತು. ತಾನಾಗಿ ಆನ್ ಆಗಿ ಬಂದದ್ದು ಮುಂದಿನ ವಿಸ್ಟಾದಲ್ಲಿ. ಒಂದು ಮನೆಯಲ್ಲಿ ಕೆಂಪು, ಹಸಿರು, ನೀಲಿ ಮೂರು ಪಟ್ಟಿ ಅಂತ ಹೇಳಿದ್ನಲ್ಲ? ಕ್ಲಿಯರ್‌ಟೈಪ್ ಆ ಪಟ್ಟಿಗಳನ್ನ ಬಿಡಿ ಬಿಡಿಯಾಗಿ ಬಳಸಿ ಅಕ್ಷರದ ಅಂಚು ತಿದ್ದುತ್ತೆ. ಚಪ್ಪಟೆ ಪರದೆಗಂತಲೇ ಮಾಡಿದ ಉಪಾಯ.

ಆದ್ರೆ ಪಟ್ಟಿಗಳು ಅಕ್ಕಪಕ್ಕ ಇರ್ತವೆ, ಮೇಲೆ ಕೆಳಗೆ ಇರಲ್ಲ. ಅಂದ್ರೆ ಲಾಭ ಎಲ್ಲ ಅಡ್ಡಕ್ಕೆ. ನಮ್ಮ ಲಿಪಿಯ ಕಷ್ಟ ಇರೋದು ಉದ್ದಕ್ಕೆ. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. "ಲಕ್ಷ್ಮಿ" ಅಂತ ಬರೆದು ನೋಡ್ರಿ, ಇಂಗ್ಲಿಷಿನ ಒಂದು ಸಾಲಿನ ಎತ್ತರದಲ್ಲಿ ಮೂರು ಅಂತಸ್ತು ಕಟ್ಟಬೇಕು. ಉದ್ದಕ್ಕೂ ಅಂಚು ನುಣುಪು ಮಾಡೋದು ವಿಂಡೋಸ್‌ಗೆ ಬಂದದ್ದು 2009ರ ವಿಂಡೋಸ್ 7ರ ಹೊತ್ತಿಗೆ, ಅದೂ ಕೆಲವು ಪ್ರೋಗ್ರಾಂಗಳಲ್ಲಿ. ಆಮೇಲೆ ವಿಂಡೋಸ್ 8ರಿಂದ ನಿರ್ಮಲಾ ಅನ್ನೋ ಫಾಂಟ್ ಬಂತು. ನನ್ನ ಪರದೆ ಮೇಲೆ ತುಂಗಾಗಿಂತ ನಿರ್ಮಲಾ ಬಿಡಿಸಿ ಕಾಣ್ತದೆ. ಹೆಸರಿನ ಅಭಿಮಾನಕ್ಕೆ ತುಂಗಾ, ಕಣ್ಣಿಗೆ ನಿರ್ಮಲಾ.

ನೀವು ಮಾಡಬೇಕಾದ್ದು ಇಷ್ಟೇ: ಸ್ಟಾರ್ಟ್‌ನಲ್ಲಿ ಕ್ಲಿಯರ್‌ಟೈಪ್ ಅಂತ ಇಂಗ್ಲಿಷಿನಲ್ಲಿ ಹುಡುಕಿದ್ರೆ ಒಂದು ಟ್ಯೂನರ್ ಬರ್ತದೆ. ಕಣ್ಣಿನ ಡಾಕ್ಟರ್ ಥರ "ಇದು ಚೆನ್ನಾಗಿದೆಯಾ, ಅದಾ?" ಅಂತ ಕೇಳ್ತಾ ಹೋಗ್ತದೆ. ಮೊದಲು ಸರಿಯಾದ ರೆಸಲ್ಯೂಷನ್ ಕೊಟ್ಟಿರಬೇಕು, ಇಲ್ಲಾಂದ್ರೆ ಇದು ವ್ಯರ್ಥ.

ಭಾಗ 8 / ಫೋಟೋದಲ್ಲಿ: ಅದೇ ಮಾನಿಟರ್, ಈಗ ಮಣೆ ಮೇಲೆ

ಪೆಟ್ಟಿಗೆಯಿಂದ ಇಳಿಸಿದೆ. ರೊಟ್ಟಿ ಮಾಡೋಕೆ ಅವ್ವ ಕೂರೋ ಮಣೆ ಮೇಲೆ ಮಾನಿಟರ್, ಅದರ ಮುಂದೆ ಚಾಪೆ ಮೇಲೆ ನಾನು. ಅವ್ವನಿಗೆ ಬೇರೆ ಮಣೆ ಕೊಡಿಸ್ಬೇಕಾಯ್ತು, ಅದು ಬೇರೆ ಕಥೆ. ಈಗ ಯಾರು ಬಂದು ಪಕ್ಕದಲ್ಲಿ ಕುಂತ್ರೂ ಅವರ ಕಣ್ಣು, ನನ್ನ ಕಣ್ಣು, ಪರದೆ ಎಲ್ಲ ಒಂದೇ ಎತ್ತರ. ಬೆಳಕು ಜಾಸ್ತಿ ಕಣ್ಣಿಗೆ ಹೊಡೀತಿತ್ತು, ಬಿಳಿ ಹಾಳೆಯೊಂದನ್ನ ಪರದೆ ಪಕ್ಕ ಹಿಡಿದು ಎರಡೂ ಒಂದೇ ಥರ ಕಾಣೋವರೆಗೆ ಬ್ರೈಟ್‌ನೆಸ್ ಇಳಿಸಿದೆ.

ಈ ವರ್ಷದ ಅರ್ಜಿಗೆ ಅದೇ ಹುಡುಗಿಯ ತಾಯಿ ಬಂದಿದ್ರು. ನಾನು ಮೊದಲು ಹೋದ ವರ್ಷದ ಮಾತು ತೆಗೆದು, ನಿಮಗೆ ಅವತ್ತು ಕಂಡಿರಲಿಲ್ಲ, ನನಗೆ ಗೊತ್ತಾಯ್ತು, ತಪ್ಪು ನಂದು ಅಂದೆ. "ಇರ್ಲಿ ಬಿಡಪ್ಪ, ನೀ ಓದಿದಾವ, ತಪ್ಪು ಹೊಡಿಯಂಗಿಲ್ಲ ಅಂದ್ಕೊಂಡಿದ್ದೆ" ಅಂದ್ರು. ಬೈದಿದ್ರೆ ಹಗುರ ಆಗ್ತಿತ್ತು.

ಈ ಸಲ ಪಾಸ್‌ಬುಕ್ ಅವರ ಕೈಯಲ್ಲಿತ್ತು. ನಾನು ಓದಲಿಲ್ಲ. ಪರದೆ ನೋಡಿ ಅವರೇ ಒಂದೊಂದು ಅಂಕಿ ಜೋರಾಗಿ ಓದಿದ್ರು, ಬೆರಳಿಟ್ಟು ಪಾಸ್‌ಬುಕ್ ಜೊತೆ ತಾಳೆ ನೋಡಿದ್ರು. ಎಂಟು ಬಂದಾಗ ನನ್ನ ಮುಖ ನೋಡಿ ನಕ್ಕರು.

ಇನ್ನೂ ಒಂದು ಬಾಕಿ ಇದೆ. ನಂದು ಈಗಲೂ ವಿಜಿಎ ಕೇಬಲ್. ಐಬಿಎಂ 1987ರಲ್ಲಿ ಡಬ್ಬಾ ಮಾನಿಟರ್‌ಗಳ ಕಾಲಕ್ಕೆ ಮಾಡಿದ್ದು. ಅದು ಅಲೆಯ ರೂಪದಲ್ಲಿ ಸಿಗ್ನಲ್ ಕಳಿಸ್ತದೆ, ಚಪ್ಪಟೆ ಪರದೆ ಅದನ್ನ ಮತ್ತೆ ಮನೆ ಮನೆಗೆ ಹಂಚಬೇಕು. ಹಂಚುವಾಗ ಸ್ವಲ್ಪ ಜಾರಿದ್ರೆ ಅಕ್ಷರದ ಅಂಚು ಸಣ್ಣಗೆ ನಡುಗ್ತದೆ. ಮಾನಿಟರ್ ಮೇಲಿನ "ಆಟೋ" ಬಟನ್ ಒತ್ತಿದ್ರೆ ಸರಿ ಹೋಗ್ತದೆ, ಮರುದಿನ ಮತ್ತೆ ಒತ್ತಬೇಕು. ಹಿಂದೆ ಡಿವಿಐ ಅಂತ ಬಿಳಿ ಸಾಕೆಟ್ ಇದೆ, ನನ್ನ ಸಿಪಿಯುನಲ್ಲೂ ಇದೆ, ಕೇಬಲ್ ಮಾತ್ರ ಇಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರು ಯಾರ ಮನೆಯಲ್ಲಾದ್ರೂ ಸುಮ್ನೆ ಬಿದ್ದಿದ್ರೆ ಮೆಸೇಜ್ ಮಾಡ್ರಿ. ಬಸ್ಸಿಗೆ ಬಂದು ತಗೊಂಡು ಹೋಗ್ತೀನಿ.